ಅರವತ್ತರ ಮೇಲೆ ಏರದ ಗಾಡಿ

ಮಂಗಳವಾರ ನಮ್ಮ ಮನೆಯಲ್ಲಿ ಹಾಲು ಬೇಗ ಕಾಯುತ್ತದೆ. ಕಲ್ಮೇಶ ಸರ್ ಬರುವ ಹೊತ್ತಿಗೆ ಭೂಮಿಯ ಹೊಟ್ಟೆ ತುಂಬಿರಬೇಕು, ಆದರೆ ತೀರ ತುಂಬಿರಬಾರದು. ನಿದ್ದೆ ಮುಗಿದಿರಬೇಕು, ಆಡಿ ದಣಿದಿರಬಾರದು. ಒಂದೂವರೆ ವರ್ಷದ ಕೂಸನ್ನು ಹೀಗೆ ಹದಕ್ಕೆ ತಂದು ಕೂಡಿಸುವುದೆಂದರೆ ಜೋಳದ ಹಿಟ್ಟು ನಾದಿದ ಹಾಗೆ, ನೀರು ಒಂದಿಷ್ಟು ಹೆಚ್ಚುಕಡಿಮೆಯಾದರೂ ರೊಟ್ಟಿ ಕೈಗೆ ಬರುವುದಿಲ್ಲ.

ಭೂಮಿಕಾ ನನ್ನ ಮಗಳು. ದಿನ ತುಂಬುವ ಮೊದಲೇ ಹುಟ್ಟಿದವಳು. ಎರಡೂ ಕಾಲು ಬಿಗಿ. ಹಿಡಿದು ನಿಲ್ಲಿಸಿದರೆ ತುದಿಗಾಲಲ್ಲಿ ನಿಂತು ಒಂದರ ಮೇಲೊಂದು ಕಾಲು ಹಾಕಿಬಿಡುತ್ತಾಳೆ. ವಿಜಯಪುರದ ಡಾಕ್ಟರು ನೋಡಿ, ಇದಕ್ಕೆ ಔಷಧಿಗಿಂತ ವ್ಯಾಯಾಮ ಮುಖ್ಯ, ಅದೂ ಗೊತ್ತಿದ್ದವರು ಮಾಡಿಸಬೇಕು, ವಾರ ತಪ್ಪಿಸಬಾರದು ಎಂದರು. ಮೊದಲ ಕೆಲವು ತಿಂಗಳು ನಾವೇ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ ಬಂದೆವು. ಬಸ್ಸು ಬದಲಿಸಿ, ನಿಂತು, ಕೂತು, ಅಲ್ಲಿ ಮುಟ್ಟುವಷ್ಟರಲ್ಲಿ ಮಗು ಅತ್ತು ಅತ್ತು ಕಾಲು ಕಟ್ಟಿಗೆಯಂತೆ ಸೆಟೆದುಕೊಂಡಿರುತ್ತಿತ್ತು. ಮುಟ್ಟಿದರೆ ಕಿರುಚಾಟ. "ಮುಂದಿನ ವಾರ ನೋಡೋಣ" ಎಂದು ಕಳಿಸುತ್ತಿದ್ದರು. ಹೋದ ಹಾಗೂ ಆಯಿತು, ಹೋಗದ ಹಾಗೂ ಆಯಿತು.

ಆಮೇಲೆ ಯಾರೋ ಕಲ್ಮೇಶ ಸರ್ ಹೆಸರು ಹೇಳಿದರು. ಅವರ ಕೆಲಸದ ಹೆಸರು ಫಿಜಿಯೋಥೆರಪಿಸ್ಟ್. ನಮ್ಮ ಹೂವಿನ ಹಿಪ್ಪರಗಿಯಲ್ಲಿ ಅದು ಯಾರ ನಾಲಿಗೆಗೂ ಹೊರಳುವುದಿಲ್ಲ, ಎಲ್ಲರಿಗೂ ಅವರು 'ಕಾಲಿನ ಡಾಕ್ಟ್ರು'. ಮೋರಟಗಿಯಲ್ಲಿ ಹುಟ್ಟಿದವರು, ಈಗ ಮನೆ ಸಿಂದಗಿಯಲ್ಲಿ. ಆಸ್ಪತ್ರೆಗೆ ಬರಲಾಗದ ಮಕ್ಕಳ ಮನೆಗೆ ತಾವೇ ಹೋಗಿ ವ್ಯಾಯಾಮ ಮಾಡಿಸುವುದು ಅವರ ನೌಕರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆ ಹರಡಿಕೊಂಡ ಮಕ್ಕಳಿಗೆ ಅವರೊಬ್ಬರೇ. ಹೆಂಡತಿ ಮಕ್ಕಳಿಲ್ಲ. ಮನೆಯಲ್ಲಿ ಇರುವವಳು ಅಕ್ಕ ಸಿದ್ದವ್ವ. ಸಣ್ಣವಳಿದ್ದಾಗ ಜ್ವರ ಬಂದು ಕಾಲು ಹೋದಾಕೆ, ಗಾಲಿಕುರ್ಚಿಯಲ್ಲಿ ಕೂತು ಕೈಮಷೀನಿನ ಮೇಲೆ ಓಣಿಯವರ ಕುಪ್ಪಸ ಹೊಲಿಯುತ್ತಾಳೆ.

ಇಷ್ಟು ತಿರುಗಾಟಕ್ಕೆ ಅವರ ಬಳಿ ಒಂದು ದೊಡ್ಡ ಗಾಡಿ ಇದೆ. ದೂರದ ಪ್ರವಾಸಕ್ಕೆಂದೇ ಮಾಡಿದ ಮೋಟರ್ ಸೈಕಲ್ಲು, ಎತ್ತರದ್ದು. ವರ್ಗವಾಗಿ ಹೋದ ಬ್ಯಾಂಕಿನವರೊಬ್ಬರು ಲಡಾಖ್‌ವರೆಗೆ ಓಡಿಸಿ, ಆಮೇಲೆ ಇವರಿಗೆ ಮಾರಿದ್ದಂತೆ. ಹಿಂದೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ. ಒಂದರಲ್ಲಿ ಚೆಂಡು, ದಿಂಬು, ಗಿಲಕಿ. ಇನ್ನೊಂದರಲ್ಲಿ ಕಾಲಿಗೆ ಕಟ್ಟುವ ಪಟ್ಟಿಗಳು. ಅದರ ಸದ್ದು ಊರಬಾಗಿಲ ಅಗಸಿಯ ಹತ್ತಿರ ಕೇಳಿದರೆ ಸಾಕು, ಭೂಮಿ ಕತ್ತು ತಿರುಗಿಸುತ್ತಾಳೆ.

ಅವರು ಬಂದ ಮೊದಲ ದಿನ ಮಗುವನ್ನು ಮುಟ್ಟಲೇ ಇಲ್ಲ. ಪಡಸಾಲೆಯಲ್ಲಿ ಕೂತು ನೋಡಿದರು, ನನ್ನನ್ನು ಕೇಳಿದರು.

"ತಂಗಿ, ಕಾಲು ಬಿಗಿ ಐತಿ ಅನ್ನೂದು ನನಗೂ ಕಾಣ್ತೈತಿ. ಯಾವಾಗ ಬಿಗಿ ಆಗ್ತೈತಿ, ಯಾವಾಗ ಸಡ್ಲ ಆಗ್ತೈತಿ, ಅಷ್ಟು ಹೇಳು. ಉಳಿದದ್ದು ತಾನ ಗೊತ್ತಾಗ್ತೈತಿ."

ಸ್ನಾನದ ಬಿಸಿನೀರಿನಲ್ಲಿ ಸಡಿಲ, ಯಾರಾದರೂ ಗಕ್ಕನೆ ಎತ್ತಿದರೆ ಬಿಗಿ, ಅಪ್ಪನ ಹೆಗಲ ಮೇಲೆ ಸಡಿಲ, ಹಸಿದಾಗ ಬಿಗಿ ಎಂದು ನಾನು ನೆನೆಸಿಕೊಂಡು ಹೇಳಿದೆ. ಅದುವರೆಗೆ ಯಾವ ಡಾಕ್ಟರೂ ನನ್ನನ್ನು ಇಷ್ಟು ಹೊತ್ತು ಮಾತಾಡಲು ಬಿಟ್ಟಿರಲಿಲ್ಲ. ಅಂದಿನಿಂದ ನಾನೂ ಅದನ್ನೇ ರೂಢಿ ಮಾಡಿಕೊಂಡಿದ್ದೇನೆ. ಮಗು ಅತ್ತರೆ ಯಾಕೆ ಎಂದು ಗಾಬರಿಯಾಗುವುದಿಲ್ಲ, ಯಾವಾಗಿನಿಂದ ಎಂದು ನೋಡುತ್ತೇನೆ.

ತೊಗರಿ ರಾಶಿಯ ಕಾಲಕ್ಕೆ ಅವರು ತಡವಾಗಿ ಬರತೊಡಗಿದರು. ಕೇಳಿದರೆ, ಗಾಡಿ ಎನ್ನುವರು. ಊರೊಳಗೆ, ಸಣ್ಣ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಹೈವೇ ಹಿಡಿದು ಹತ್ತಿಪ್ಪತ್ತು ಕಿಲೋಮೀಟರ್ ಹೋಗುತ್ತಲೇ ಬಲ ಕಳೆದುಕೊಳ್ಳುತ್ತದೆ. ಎಷ್ಟು ಕೊಟ್ಟರೂ ಅರವತ್ತರ ಮೇಲೆ ಏರುವುದಿಲ್ಲ, ಏರಿಸಲು ಹೋದರೆ ಕೆಮ್ಮುತ್ತದೆ.

ನಮ್ಮ ಮನೆಯವರು, ಶ್ರೀಶೈಲ ಅವರ ಹೆಸರು, ಊರಲ್ಲೇ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಗಾಡಿ ಎಂದರೆ ಊಟ ಬಿಟ್ಟು ಎದ್ದುಬರುವ ಮನುಷ್ಯ.

"ಸರ, ಎಣ್ಣಿ ಕಲಬೆರಕಿ ಇರಬೇಕ್ರಿ" ಎಂದರು.

"ಊರೂರಿಗೆ ಬಂಕ್ ಬದಲಿ ಮಾಡೇನಿ. ಎಲ್ಲಾರೂ ಕಲಬೆರಕಿ ಮಾಡ್ತಾರೇನು?"

"ಹಂಗಾದ್ರ ಏರ್ ಫಿಲ್ಟರ್. ಈ ರಾಶಿ ಧೂಳಿಗೆ ಮನಷ್ಯಾರ ಮೂಗ ಕಟ್ಟೈತಿ, ಗಾಡಿದೇನು."

"ಅದೂ ಹೊಸಾದು ಹಾಕ್ಯಾನ ಯುನೂಸ."

ಯುನೂಸ ಸಿಂದಗಿಯಲ್ಲಿ ಗ್ಯಾರೇಜು ಇಟ್ಟವನು. ಕೈ ಶುದ್ಧವಿದ್ದವನು, ಸರ್ ಗಾಡಿಯನ್ನು ಬೇರೆ ಯಾರೂ ಮುಟ್ಟಿಲ್ಲ. ಗಾಳಿ ಫಿಲ್ಟರು ಬದಲಿಸಿದ, ಪೆಟ್ರೋಲ್ ಫಿಲ್ಟರು ಬದಲಿಸಿದ. ಹಿಂದಿನ ಬ್ರೇಕು ಹಿಡಿದುಕೊಂಡು ಎಳೆಯುತ್ತಿದೆಯೇನೋ ಎಂದು ಗಾಲಿ ಎತ್ತಿ ತಿರುಗಿಸಿ ನೋಡಿದ, ಬುಗುರಿಯಂತೆ ತಿರುಗಿತು. ಸರಪಳಿ ಸಡಿಲಿಸಿದ, ಟೈರಿಗೆ ಗಾಳಿ ಹೊಡೆದ, ಕ್ಲಚ್ಚು ಬಿಚ್ಚಿ ಮುಚ್ಚಿದ. ಪ್ರತಿ ಸಲ ತಾನೇ ಹತ್ತಿ ಒಂದು ಸುತ್ತು ಹೊಡೆದು ಬರುವನು. ಪ್ರತಿ ಸಲ ಗಾಡಿ ಕುದುರೆಯಂತೆ ಓಡುವುದು.

"ಮೊನ್ನೆ ಏನಂದ ಗೊತ್ತೇನು?" ಎಂದು ಸರ್ ನಕ್ಕರು. "'ಸರ, ಗಾಡಿಗೆ ಏನೂ ಆಗಿಲ್ಲ. ನೀವ ಎರಡ ದಿನ ರಜಾ ತಗೊಂಡು ಮಲಕೋರಿ' ಅಂದ."

ಅದರ ಮುಂದಿನ ಮಂಗಳವಾರ ಅವರು ಬಂದಾಗ ಭೂಮಿ ಕಾದು ಕಾದು ಮಲಗಿಬಿಟ್ಟಿದ್ದಳು. ಎಬ್ಬಿಸಲು ಹೋದೆ. ಬೇಡವೆಂದರು.

"ಮಲಗಿದ ಕೂಸಿನ ಕಾಲು ಹಿಡದ್ರ ಕಾಲಷ್ಟ ಕೈಗೆ ಬರ್ತೈತಿ, ಕೂಸು ಬರೂದಿಲ್ಲ. ಏಳಲಿ, ತಾನ ಏಳಲಿ."

ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಆ ದಿನ ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಲು ಹೋಗಿದ್ದರಂತೆ. ಎರಡು ಟ್ರೇಲರಿನ ಟ್ರ್ಯಾಕ್ಟರು. ಅರ್ಧ ದಾಟಿದಾಗ ಗಾಡಿ ಕೈಕೊಟ್ಟಿದೆ. ಎದುರಿಗೆ ಬಸ್ಸು. ಬಸ್ಸಿನವನು ಮಣ್ಣಿಗೆ ಇಳಿಸಿ ದಾರಿ ಬಿಟ್ಟನಂತೆ, ಇಳಿದು ಬಂದು ಬಾಯಿಗೆ ಬಂದಂತೆ ಬೈದನಂತೆ.

"ಅಂವ ಬೈದದ್ದು ಬರೋಬರಿ ಐತಿ" ಎಂದರು ಸರ್. ಆಮೇಲೆ, "ತಂಗಿ, ಮುಂದಿನ ತಿಂಗಳಿಂದ ನಾ ಬರೂದಿಲ್ಲ. ವಿಜಯಪುರದಾಗ ಒಂದು ಆಸ್ಪತ್ರ್ಯಾಗ ಕುಂತು ಮಾಡೂ ಕೆಲಸ ಐತಿ, ಹೂಂ ಅಂದೇನಿ. ಅಕ್ಕ ಒಬ್ಬಾಕಿ ಅದಾಳ ಮನ್ಯಾಗ. ನನಗೇನರೆ ಆದ್ರ ಆಕಿನ್ನ ಎತ್ತಿ ಕುಂಡ್ರಸಾಕ ಯಾರದಾರ?"

ಇರಿ ಎನ್ನಲು ಬಾಯಿ ಬರಲಿಲ್ಲ, ಅವರ ಜೀವವೂ ಜೀವವೇ. ನೀರಿನ ತಂಬಿಗೆ ಒಳಗೊಯ್ದು ಅಡುಗೆಮನೆಯಲ್ಲಿ ನಿಂತೆ. ಮತ್ತೆ ಆ ಬಸ್ಸು, ಆ ಅಳು, ಕಟ್ಟಿಗೆಯಾದ ಆ ಕಾಲು ಕಣ್ಣಮುಂದೆ ಬಂದವು. ಈಚೆಗೆ ಅವಳು ಗೋಡೆ ಹಿಡಿದು ಕೂಡುತ್ತಿದ್ದಳು, ನಾನು ಅದನ್ನು ಯಾರಿಗೂ ಹೇಳದೆ ದೃಷ್ಟಿಯಾದೀತೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಭೂಮಿ ಎದ್ದಳು. ಎದ್ದವಳೇ ಹಸಿವಿನ ಅಳು. ಗಡಬಡಿಸಿ ಬಾಟಲಿಗೆ ಹಾಲು ಹಾಕಿ ಮುಚ್ಚಳ ತಿರುವಿ ಬಾಯಿಗಿಟ್ಟೆ. ಬಾಟಲಿ ಬಿಡಿಸಿ ಲೋಟ ಹಿಡಿಸು ಎಂದು ಸರ್ ಪ್ರತಿ ವಾರ ಬೈಯುವವರು, ಅಂದು ಬೈಯಲಿಲ್ಲ. ಮಗು ನಾಲ್ಕು ಸಲ ಎಳೆಯಿತು, ಎಳೆದು ಬಿಟ್ಟು ಕಿರುಚಿತು. ಮತ್ತೆ ಎಳೆಯಿತು, ಮತ್ತೆ ಕಿರುಚಿತು. ನಾನು ಮುಚ್ಚಳವನ್ನು ಸ್ವಲ್ಪ ಸಡಿಲಿಸಿದೆ. ಹಾಲಿನೊಳಗೆ ಗುಳುಗುಳು ಎಂದು ಗುಳ್ಳೆ ಎದ್ದವು, ಕೂಸು ಸುಮ್ಮನಾಗಿ ಕುಡಿಯತೊಡಗಿತು.

"ಏನ ಮಾಡಿದಿ ಈಗ?" ಎಂದರು ಸರ್.

"ಏನಿಲ್ರಿ, ಮುಚ್ಚಳ ಬಿಗಿ ಆಗಿತ್ತು. ಗಾಳಿ ಒಳಗ ಹೋಗಲಿಲ್ಲಂದ್ರ ಹಾಲು ಹೊರಗ ಬರೂದಿಲ್ರಿ."

"ಒಂದೀಟೂ ಬರೂದಿಲ್ಲೇನು?"

"ಸಾವಕಾಶ ಕುಡದ್ರ ಬರ್ತೈತ್ರಿ. ಹಸದು ಜೋರ್ ಎಳದ್ರ ನಿಪ್ಪಲ್ ಚಪ್ಪಟಿ ಆಗಿ ಕುಂತುಬಿಡ್ತೈತಿ."

ಸರ್ ಬಾಟಲಿಯನ್ನೇ ನೋಡುತ್ತ ಕೂತರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಸಾವಕಾಶ ಹೋದ್ರ ಓಡ್ತೈತಿ. ಜೋರ್ ಎಳದ್ರ ನಿಲ್ತೈತಿ" ಎಂದರು. "ಎಲ್ಲಾ ಅವ್ವಂದಿರನೂ ಕೇಳ್ತೇನಿ, ಯಾವಾಗ ಆಗ್ತೈತಿ ಯಾವಾಗ ಆಗೂದಿಲ್ಲ ಅಂತ. ನನ್ನ ಗಾಡಿದು ನಾ ಕೇಳಲೇ ಇಲ್ಲ ನೋಡು."

ತಾವೇ ಕೇಳಿಕೊಂಡು ತಾವೇ ಹೇಳುತ್ತ ಹೋದರು. ಯಾವಾಗ ಚೆನ್ನಾಗಿ ಓಡುತ್ತದೆ? ಪೆಟ್ರೋಲ್ ಹಾಕಿಸಿದ ಕೂಡಲೇ. ಮತ್ತೆ? ಯುನೂಸನ ಗ್ಯಾರೇಜಿನಿಂದ ಹೊರಬಿದ್ದ ಕೂಡಲೇ. ಎರಡೂ ಕಡೆ ಒಂದು ಕೆಲಸ ಆಗಿಯೇ ಇರುತ್ತದೆ, ಯಾರಾದರೂ ಪೆಟ್ರೋಲ್ ಟಾಕಿಯ ಮುಚ್ಚಳ ತೆರೆದಿರುತ್ತಾರೆ.

ಭೂಮಿಯ ವ್ಯಾಯಾಮ ಮುಗಿಸಿಯೇ ಎದ್ದರು, ಅದನ್ನು ಬಿಡಲಿಲ್ಲ. ಆಮೇಲೆ ಹೈವೇ ಕಡೆಗೆ ಅವರು ಮುಂದೆ, ಅಂಗಡಿ ಬಿಟ್ಟು ಬಂದ ನಮ್ಮ ಮನೆಯವರು ತಮ್ಮ ಸಣ್ಣ ಗಾಡಿಯ ಮೇಲೆ ಹಿಂದೆ ಹೊರಟರು. ನಾನು ರೊಟ್ಟಿ ಬಡಿಯುತ್ತ ಬಾಗಿಲು ನೋಡುತ್ತ ಇದ್ದೆ. ಎಷ್ಟು ರೊಟ್ಟಿ ಸುಟ್ಟವೋ.

ಇಬ್ಬರೂ ತಿರುಗಿ ಬಂದಾಗ ಮೈತುಂಬ ಧೂಳು, ಮುಖತುಂಬ ನಗು, ಇಬ್ಬರೂ ಒಟ್ಟಿಗೇ ಮಾತಾಡಿದರು. ಮೊದಲು ಎಂದಿನಂತೆ ಓಡಿಸಿದ್ದಾರೆ. ದೂರ ಹೋದ ಮೇಲೆ ಅರವತ್ತಕ್ಕೆ ಕೆಮ್ಮು ಶುರು. ಬದಿಗೆ ನಿಲ್ಲಿಸಿ, ಮುಚ್ಚಳ ಮುಟ್ಟದೆ, ದಮ್ಮು ತೆಗೆದುಕೊಳ್ಳಲು ಬಿಟ್ಟು ಮತ್ತೆ ಓಡಿಸಿದರೆ ಈ ಸಲ ಇನ್ನೂ ಬೇಗ ಕೆಮ್ಮಿತು. ಆಗ ನಿಲ್ಲಿಸಿ ಮುಚ್ಚಳ ತೆರೆದಿದ್ದಾರೆ.

"ಸುಯ್ ಅಂತು ನೋಡು" ಎಂದರು ನಮ್ಮ ಮನೆಯವರು. "ಹೊರಗಿನ ಗಾಳಿ ಒಳಗ ಎಳಕೊಂತು. ಮುಳುಗಿ ಎದ್ದಾವ ಉಸಿರು ಎಳದಂಗ. ಆಮ್ಯಾಲೆ ಎಂಬತ್ತೈದಕ್ಕ ಹೋದ್ರು ಸರ, ನಾ ಹಿಂದ ಧೂಳು ತಿನ್ಕೋತ ಬಂದೆ."

"ಮತ್ತ ಮುಚ್ಚಿ ಓಡಿಸಿದ್ವಿ, ದೂರ ಹೋದ ಮ್ಯಾಲೆ ಮತ್ತ ಕೆಮ್ಮಿತು" ಎಂದರು ಸರ್. "ಅಂದ್ರ ಪಕ್ಕಾ ಆತು."

ಟಾಕಿಯ ಮುಚ್ಚಳದಲ್ಲಿ ಗಾಳಿ ಒಳಹೋಗಲು ಸಣ್ಣ ತೂತು ಇರುತ್ತದಂತೆ. ಪೆಟ್ರೋಲ್ ಕೆಳಗೆ ಇಳಿದ ಹಾಗೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು. ತೂತು ಕಟ್ಟಿದರೆ ಸಣ್ಣ ಓಟಕ್ಕೆ ಹೇಗೋ ನಡೆಯುತ್ತದೆ, ಹೈವೇಯಲ್ಲಿ ಎಂಜಿನ್ನು ಜೋರಾಗಿ ಕುಡಿಯತೊಡಗಿದಾಗ ಟಾಕಿ ಪೆಟ್ರೋಲ್ ಬಿಡುವುದಿಲ್ಲ. ನನ್ನಿಂದ ಸೂಜಿ ಇಸಿದುಕೊಂಡು ಅಂಗಳದಲ್ಲಿ ಮುಚ್ಚಳ ಬಿಚ್ಚಿ ಕೂತರು. ಕೀಲಿ ಹಾಕುವ ತಗಡಿನ ಅಡಿ ಆ ತೂತು. ಸೂಜಿ ಆಡಿಸಿದರೆ ಸುಣ್ಣದಂಥ ಬಿಳಿ ಚಕ್ಕೆಗಳು ಬಂದವು, ನಡುವೆ ಒಂದಿಷ್ಟು ಕೆಂಪು. ಸರ್ ಬೆರಳಲ್ಲಿ ತಿಕ್ಕಿ, ಮೂಗಿಗೆ ಹಿಡಿದು ನೋಡಿದರು. ಅವರ ನಗು ನಿಂತಿತು.

"ವಿಭೂತಿ" ಎಂದರು. "ಇದು ನಮ್ಮ ಅಕ್ಕಂದು."

ಅವರ ಮನೆಯಲ್ಲಿ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ತಪ್ಪದು. ನಮ್ಮ ಕಡೆ ಯಾರ ಮನೆಯಲ್ಲೂ ತಪ್ಪದು. ಮೊದಲು ಅವರ ತಾಯಿ ಮಾಡುತ್ತಿದ್ದರು, ಗಾಡಿಯ ಮುಂದಿನ ದೀಪಕ್ಕೆ ವಿಭೂತಿ ಕುಂಕುಮ ಹಚ್ಚಿ ಹೂವಿಡುವರು. ಹೋದ ವರ್ಷ ತಾಯಿ ತೀರಿದ ಮೇಲೆ ಆ ಕೆಲಸ ಸಿದ್ದವ್ವಗೆ ಬಂತು. ಮನೆ ಮುಂದೆ ಗಾಡಿ ಗೋಡೆಗೆ ಮುಖ ಮಾಡಿ ನಿಲ್ಲುವ ಜಾಗದಲ್ಲಿ ಕುರ್ಚಿ ದೀಪದವರೆಗೆ ಹೋಗುವುದಿಲ್ಲ. ಪಕ್ಕದಿಂದ ಕೈ ಚಾಚಿದರೆ ಸಿಗುವುದು ಟಾಕಿ. ಅದರ ಮೇಲಿನ ದುಂಡು ಮುಚ್ಚಳವೇ ಗಾಡಿಯ ಹಣೆ ಎಂದುಕೊಂಡು, ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ತಮ್ಮನಿಗೆ ಏನೂ ಆಗದಿರಲಿ ಎಂದು ಮೂರು ಬೆರಳಿಂದ ದಪ್ಪ ಬಳಿದಿದ್ದಾಳೆ. ಅಮಾವಾಸ್ಯೆ ಮೇಲೆ ಅಮಾವಾಸ್ಯೆ, ತೊಳೆದ ನೀರಿನ ಸಂಗಡ ಅದು ತೂತಿಗಿಳಿದು, ನಮ್ಮ ವಿಜಯಪುರದ ಬಿಸಿಲಿಗೆ ಗೋಡೆಯ ಗಿಲಾಯಿಯಂತೆ ಗಟ್ಟಿಯಾಗಿದೆ.

ಯುನೂಸನಿಗೆ ಫೋನು ಹಚ್ಚಿದರು, ನಮಗೂ ಕೇಳುವಂತೆ.

"ಯುನೂಸ, ಟಾಕಿ ಮುಚ್ಚಳ ಒಮ್ಮೆರೆ ಸ್ವಚ್ಛ ಮಾಡಿದ್ದೇನು?"

"ಇಲ್ರಿ ಸರ. ಅಕ್ಕಾರು ದೇವರದು ಹಚ್ಚಿರ್ತಾರ, ಅದನ್ನ ನಾ ಹೆಂಗ ಒರಸಲ್ರಿ? ಗಾಡಿ ಪೂರಾ ತೊಳದು ಅದೊಂದು ಬಿಡ್ತೇನ್ರಿ. ನಮ್ಮ ಹುಡುಗರಿಗೂ ಹೇಳೇನ್ರಿ, ಅಲ್ಲಿ ಒರಸೂ ಅರಬಿ ಹಚ್ಚಬ್ಯಾಡ್ರಿ ಅಂತ. ಯಾಕ್ರಿ?"

ಸರ್ ನಗುತ್ತ ಕಟ್ಟೆಯ ಮೇಲೆ ಕೂತುಬಿಟ್ಟರು. ಒಬ್ಬಾಕೆಯ ಭಕ್ತಿ, ಇನ್ನೊಬ್ಬನ ಮರ್ಯಾದೆ, ಎರಡೂ ಸೇರಿ ಗಾಡಿಯ ಉಸಿರು ಕಟ್ಟಿಸಿದ್ದವು. ನಕ್ಕು ಮುಗಿದ ಮೇಲೆ, "ಅಕ್ಕಗ ಹೇಳಬ್ಯಾಡ್ರಿ ಯಾರೂ. ಮನಸಿಗೆ ಹಚ್ಕೋತಾಳ" ಎಂದರು.

ಗಾಡಿ ಸರಿಯಾಯಿತು. ಆದರೆ ಆಸ್ಪತ್ರೆಯ ಮಾತು? ನಾನು ಕೇಳಿಯೇಬಿಟ್ಟೆ. "ಹೂಂ ಅಂದುಬಿಟ್ಟೇನಿ ತಂಗಿ. ಅವರೂ ನನ್ನ ನಂಬಿ ಬ್ಯಾರೇದವರನ್ನ ಕರದಿಲ್ಲ" ಎಂದರು. ಸುಳ್ಳು ಹೇಳಿ ತಪ್ಪಿಸಿಕೊಳ್ಳುವವರಲ್ಲ ಅವರು, ಅದೇ ನನಗೆ ಕಷ್ಟವಾಯಿತು.

ಅಮಾವಾಸ್ಯೆಯ ದಿನ ನಾನು ಭೂಮಿಯನ್ನು ಕಟ್ಟಿಕೊಂಡು ಸಿಂದಗಿಗೆ ಹೋದೆ. ಅವಳ ಕಾಲಿಗೆ ಬೂಟು ಮಾಡುವವರು ಸರ್ ಮನೆಗೇ ಬಂದು ಅಳತೆ ತೆಗೆಯುವವರಿದ್ದರು. ನೋಡಿದರೆ ಮನೆ ಮುಂದೆ ಗಾಡಿ ತಿರುವಿ ನಿಂತಿದೆ, ದೀಪ ಓಣಿಯ ಕಡೆಗೆ. ಮೆಟ್ಟಿಲ ಮೇಲಿಂದ ಅದರ ಎದುರಿಗೆ ಒಂದು ಹಲಗೆ ಇಳಿಜಾರಾಗಿ ಹಾಸಿದೆ. ಸಿದ್ದವ್ವ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ.

"ಬಾ ತಂಗಿ. ಕೂಸಿನ ಕಾಲು ಆಮ್ಯಾಲೆ ನೋಡೂಣು, ಮೊದಲ ಈ ಶಾಸ್ತ್ರಿ ಮಾತು ಕೇಳು. ಟಾಕಿಗೆ ಹಚ್ಚಬಾರದಂತ, ದೀಪಕ್ಕ ಹಚ್ಚಬೇಕಂತ. ಯಾಕೋ ಅಂದ್ರ, ಹಂಗ ಪದ್ಧತಿ ಅಂತಾನ. ಪದ್ಧತಿ ಕಲಸಾಕ ಬಂದಾನ ನನಗ."

"ಅವ್ವ ಹಂಗ ಮಾಡ್ತಿದ್ಲಲ್ಲ ಅಕ್ಕ, ಅದಕ್ಕಂದೆ" ಎಂದರು ಸರ್, ಅವಳ ಮುಖ ನೋಡದೆ.

"ಸುಳ್ಳು ಹೇಳಾಕ ಬರೂದಿಲ್ಲ, ಯಾಕ ಹೇಳ್ತಿ? ಯುನೂಸ ಬಂದಿದ್ದ ನಿನ್ನೆ. ಚಾ ಕುಡದು, 'ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ, ಇನ್ನ ಮ್ಯಾಲೆ ನಾ ಒರಸ್ತೇನಿ' ಅಂದ. ಏನ ಒರಸ್ತಿಯೋ ಅಂದೆ. ಎಲ್ಲಾ ಹೇಳಿಬಿಟ್ಟ ಪಾಪ."

ನಾನು ನನ್ನ ಕಾಲ ಬೆರಳು ನೋಡುತ್ತ ನಿಂತೆ. ಸಿದ್ದವ್ವ ಅಳುತ್ತಾಳೇನೋ ಎಂದುಕೊಂಡಿದ್ದೆ, ಅವಳು ಕಿಸಕ್ಕನೆ ನಕ್ಕಳು.

"ಇವನ ಗಾಡಿಗೆ ಏನೂ ಆಗಬಾರದು ಅಂತ ಬೇಡಿಕೊಂಡು ಹಚ್ಚಿದೆ. ದೇವರು ನೋಡ್ಯಾನ, ಓಡಿದ್ರಲ್ಲ ಏನರೆ ಆಗೂದು, ಓಡೂದ ಬ್ಯಾಡ ಅಂತ ನಿಲ್ಲಿಸ್ಯಾನ."

ಹಲಗೆಯ ಮೇಲೆ ಕುರ್ಚಿಯನ್ನು ಸರ್ ಹಿಡಿದು ಇಳಿಸಿದರು. ಅವಳು ವಿಭೂತಿಯಲ್ಲಿ ಬೆರಳದ್ದಿ, ದೀಪದ ಹತ್ತಿರ ಒಯ್ದು ತಡೆದಳು.

"ಇಲ್ಲಿ ತೂತು ಇಲ್ಲಲ?"

"ಇಲ್ಲ ಅಕ್ಕ."

ಮೂರು ಗೆರೆ ಎಳೆದಳು, ಈ ಸಲ ತೆಳ್ಳಗೆ. ಕುಂಕುಮ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ನನ್ನ ಬಗಲಲ್ಲಿದ್ದ ಭೂಮಿಯನ್ನು ಇಸಿದುಕೊಂಡು ತೊಡೆಯ ಮೇಲೆ ಕೂಡಿಸಿಕೊಂಡಳು. ಅವಳ ಕಾಲು ನೀವುತ್ತ ತಮ್ಮನಿಗೆ ಹೇಳಿದಳು.

"ಆಸ್ಪತ್ರಿಗೆ ಯಾಕ ಹೊಂಟಿದ್ದಿ? ಗಾಡಿ ಓಡಲಿಲ್ಲಂತ. ಈಗ ಓಡ್ತೈತಿ. ಮತ್ತ?"

"ಮಾತು ಕೊಟ್ಟೇನಿ ಅಕ್ಕ."

"ಅವರಿಗೆ ಖರೇ ಏನೈತಿ ಅದನ್ನ ಹೇಳು. ಊರಾಗ ಡಾಕ್ಟ್ರು ಬೇಕಾದಷ್ಟು ಸಿಗ್ತಾರ ಅವರಿಗೆ. ನನಗ ಜ್ವರ ಬಂದಾಗ ನಮ್ಮ ಮೋರಟಗಿಗೆ ಯಾರೂ ಬರಲಿಲ್ಲ ನೋಡು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮನ್ಯಾಗ ಕುಂತಾಕಿ ನಾ ಒಬ್ಬಾಕಿ ಸಾಕು. ನೀ ತಿರಗು."

ಸರ್ ಓಣಿಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದರು. ನಮಗೆ ಕೇಳಲಿಲ್ಲ. ಎರಡು ಸಲ ಕೈಮುಗಿದದ್ದು ಕಂಡಿತು, ಫೋನಿನಲ್ಲಿ ಮಾತಾಡುವವರಿಗೆ ಕೈಮುಗಿದರೆ ಏನು ಕಾಣುತ್ತದೆ. ತಿರುಗಿ ಬಂದು, "ಬೈಲಿಲ್ಲ ಪುಣ್ಯಾತ್ಮರು. ಬ್ಯಾರೇದವರನ್ನ ನೋಡ್ಕೋತೇವಿ ಅಂದ್ರು" ಎಂದಷ್ಟೇ ಹೇಳಿ ಬೂಟಿನ ಅಳತೆಗೆ ಕೂತರು. ನಾನು ಸಿದ್ದವ್ವನ ಕಾಲು ಮುಟ್ಟಲು ಬಗ್ಗಿದೆ. "ಏ ಬಿಡ, ಏನೂ ಉಪಯೋಗಿಲ್ಲದ ಕಾಲು ಅವು" ಎಂದು ಕುರ್ಚಿ ಹಿಂದೆ ಸರಿಸಿದಳು. ನಾನು ಮುಟ್ಟಿಯೇ ಎದ್ದೆ.

ಈ ಮಂಗಳವಾರ ಸರ್ ಹೇಳಿದ ಹೊತ್ತಿಗೆ ಬಂದರು. ಭೂಮಿಗೆ ಹೊಸ ಬೂಟು ಮನಸ್ಸಿಗೆ ಸೇರಲಿಲ್ಲ, ಒದ್ದಳು, ಚೆಂಡು ಎಸೆದಳು. "ಒದೀಲಿ ಬಿಡು, ಒದಿಯೂದೂ ವ್ಯಾಯಾಮ ಐತಿ" ಎಂದು ತಮ್ಮ ಪಾಡಿಗೆ ಕೆಲಸ ಮುಗಿಸಿದರು. ಚಹಾ ಇಟ್ಟಿದ್ದೆ, ನಿಲ್ಲಲಿಲ್ಲ. ಮುದ್ದೇಬಿಹಾಳದಲ್ಲಿ ರಾಜೇಶ್ವರಿ ಎಂಬ ತಾಯಿಯ ಗಂಡುಮಗು ಮಧ್ಯಾಹ್ನ ಮಲಗುವುದರೊಳಗೆ ಅಲ್ಲಿಗೆ ಮುಟ್ಟಬೇಕಂತೆ. ಆಕೆಯ ನಂಬರು ಕೇಳಿ ಪಡೆದೆ. ಗಾಡಿ ಅಗಸಿ ದಾಟಿದ ಸದ್ದು ಕೇಳಿದ ಮೇಲೆ, ಮುಖ ನೋಡದ ಆ ತಾಯಿಗೆ ಫೋನು ಮಾಡಿದೆ.

"ಸರ್ ಇಲ್ಲಿಂದ ಹೊಂಟಾರ್ರಿ. ಕೂಸಿಗೆ ಉಣಿಸಿ ಎಚ್ಚರ ಇಟ್ಟಿರ್ರಿ."